ಬಾಂದ್ರಾದಲ್ಲೊಂದು ಮನೆ: ಬಾಡಿಗೆ, ಪಗಡಿ ಮತ್ತು ನೆರೆಹೊರೆಯ ಚರಿತ್ರೆ

ಕರಾವಳಿಯವರಾದ ನಮಗೆ ಬೊಂಬಾಯಿ ಪರಊರಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ಎಷ್ಟೋ ಕುಟುಂಬಗಳಲ್ಲಿ ಒಬ್ಬರಾದರೂ ಆ ಊರಿಗೆ ಹೋಗಿ ದುಡಿದವರಿದ್ದಾರೆ. ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಬಂದರಿನಲ್ಲಿ, ಬ್ಯಾಂಕುಗಳಲ್ಲಿ ನಮ್ಮವರು ಪಟ್ಟ ಪಾಡು, ಗಳಿಸಿದ ಹೆಸರು ಎರಡರ ಬಗ್ಗೆಯೂ ಸಾಕಷ್ಟು ಬರೆಯಲಾಗಿದೆ. ಆದರೆ ಅವರು ಅಲ್ಲಿ ಎಲ್ಲಿ ವಾಸವಾಗಿದ್ದರು, ಯಾವ ಹಕ್ಕಿನ ಮೇಲೆ ವಾಸವಾಗಿದ್ದರು, ಒಂದು ಮನೆಯ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ತೆರೆಯಲಿಲ್ಲ ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಲ್ಲ. ಚರಿತ್ರೆ ಎಂದರೆ ಅರಮನೆ, ಕೋಟೆಗಳ ಕತೆಯಷ್ಟೇ ಅಲ್ಲ. ಬಾಡಿಗೆ ಚೀಟಿ, ಷೇರು ಪತ್ರ, ಸೊಸೈಟಿಯ ಉಪನಿಯಮಗಳಲ್ಲಿಯೂ ಚರಿತ್ರೆಯಿದೆ.

ಈ ಲೇಖನದಲ್ಲಿ ನಾವು ಒಂದೇ ಒಂದು ಬಡಾವಣೆಯನ್ನು ಎತ್ತಿಕೊಂಡಿದ್ದೇವೆ. ಅದು ಮುಂಬೈಯ ಪಶ್ಚಿಮ ಕಡಲಂಚಿನ ಬಾಂದ್ರಾ. ಇಂದು ಅದು ಚಿತ್ರತಾರೆಯರ, ಶ್ರೀಮಂತರ ನೆಲೆ ಎಂದು ಹೆಸರಾಗಿದೆ. ಆದರೆ ಮುಖ್ಯ ರಸ್ತೆಗಳನ್ನು ಬಿಟ್ಟು ಒಳಗೆ ಹೋದರೆ ಮರದ ಜಗಲಿಯ ಹಳೆಯ ಮನೆಗಳು, ಇಕ್ಕಟ್ಟಿನ ಓಣಿಗಳು, ಮೀನು ಒಣಗಿಸುವ ಅಂಗಳಗಳು ಈಗಲೂ ಕಾಣಸಿಗುತ್ತವೆ. ಗದ್ದಲದ ನಗರದ ಪಕ್ಕದಲ್ಲೇ ಒಂದು ನಿಶ್ಶಬ್ದ ನೆರೆಹೊರೆ ಹೇಗೆ ಹುಟ್ಟಿತು, ಅಲ್ಲಿ ಜನ ಮನೆಯನ್ನು ಹೇಗೆ ಬಾಡಿಗೆಗೆ ಹಿಡಿದರು, ಹೇಗೆ ಕೊಂಡರು ಎಂಬುದನ್ನು ನೋಡಿದರೆ ಇಡೀ ದೇಶದ ನಗರಜೀವನದ ಒಂದು ದೊಡ್ಡ ಪ್ರಶ್ನೆಯೇ ನಮ್ಮೆದುರು ಬಂದು ನಿಲ್ಲುತ್ತದೆ. ನನ್ನ ನೆರೆಯವನು ಯಾರಾಗಿರಬೇಕೆಂದು ತೀರ್ಮಾನಿಸುವ ಅಧಿಕಾರ ಯಾರದ್ದು ಎಂಬುದೇ ಆ ಪ್ರಶ್ನೆ.

ಕಡಲಂಚಿನ ಹಳ್ಳಿಗಳು

ಬಾಂದ್ರಾ ಮೂಲತಃ ಬೊಂಬಾಯಿಗೆ ಸೇರಿದ್ದಲ್ಲ. ಅದು ಬೊಂಬಾಯಿಯ ಉತ್ತರಕ್ಕಿರುವ ಸಾಷ್ಟಿ ದ್ವೀಪದ ದಕ್ಷಿಣದ ತುದಿ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾಹ್ ವಸಾಯಿ ಒಪ್ಪಂದದ ಮೂಲಕ ಈ ಭಾಗವನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಪೋರ್ಚುಗೀಸರು ಬಂದ ಮೇಲೆ ಇಲ್ಲಿಯ ಬೆಸ್ತರು, ರೈತರು ದೊಡ್ಡ ಸಂಖ್ಯೆಯಲ್ಲಿ ಕ್ರೈಸ್ತರಾದರು. 1575ರಲ್ಲಿ ಸಮುದ್ರದ ಬದಿಯಲ್ಲೇ ಸಂತ ಆಂಡ್ರೂ ಇಗರ್ಜಿ ಕಟ್ಟಲಾಯಿತು. 1640ರಲ್ಲಿ ಭೂಶಿರದ ಮೇಲೆ ಅಗ್ವಾದ ಕೋಟೆ ಎದ್ದಿತು. ಬೊಂಬಾಯಿ ದ್ವೀಪಗಳು 1661ರ ರಾಜಮನೆತನದ ಮದುವೆಯ ಒಪ್ಪಂದದಂತೆ ಇಂಗ್ಲಿಷರ ಪಾಲಾದಾಗಲೂ ಸಾಷ್ಟಿ ಮತ್ತು ಅದರೊಂದಿಗೆ ಬಾಂದ್ರಾ ಪೋರ್ಚುಗೀಸರ ಬಳಿಯೇ ಉಳಿದವು. 1739ರ ಹೊತ್ತಿಗೆ ಮರಾಠರು ಅದನ್ನು ಗೆದ್ದರು. 1774ರ ಕೊನೆಯಲ್ಲಿ ಇಂಗ್ಲಿಷರು ಆಕ್ರಮಿಸಿದರು, 1782ರ ಸಾಲ್ಬಾಯಿ ಒಪ್ಪಂದದಲ್ಲಿ ಅದು ಅವರ ಕೈಯಲ್ಲಿ ಖಾಯಂ ಆಯಿತು.

ಆಳುವವರು ಬದಲಾದರೂ ಹಳ್ಳಿಗಳು ಹಾಗೆಯೇ ಇದ್ದವು. ರಾನ್ವಾರ್, ಚಿಂಬಾಯಿ, ಪಾಲಿ, ಶೇರ್ಲಿ, ರಾಜನ್ ಮುಂತಾದ ಈ ಹಳ್ಳಿಗಳ ವಾಸದ ನೆಲೆಗೆ ಮರಾಠಿಯಲ್ಲಿ 'ಗಾವ್‌ಠಾಣ್' ಎನ್ನುತ್ತಾರೆ. ಚಿಂಬಾಯಿ ಬೆಸ್ತರ ಊರು, ಉಳಿದೆಡೆ ಭತ್ತದ ಗದ್ದೆ, ತರಕಾರಿ ತೋಟ. ಮನೆಯ ಹಿಂದೆ ಬಾವಿ, ಮುಂದೆ ಶಿಲುಬೆ. ಮುಸ್ಲಿಮರು ಮತ್ತು ಹಿಂದೂಗಳು ಬಾಜಾರಿನ ಸುತ್ತಮುತ್ತ ವಾಸವಾಗಿದ್ದರು. ಇಲ್ಲಿ ಮನೆ ಎಂಬುದು ಕೊಳ್ಳುವ, ಮಾರುವ ಸರಕಾಗಿರಲಿಲ್ಲ. ಹಿರಿಯರಿಂದ ಬಂದದ್ದು, ಮಕ್ಕಳಿಗೆ ಹೋಗುವಂಥದ್ದು. ನೆರೆಯವನು ಯಾರು ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಏಕೆಂದರೆ ನೆರೆಯವನ ಅಜ್ಜ ನಮ್ಮ ಅಜ್ಜನ ನೆರೆಯವನಾಗಿದ್ದನು.

ಇಲ್ಲಿಯ ಮೂಲನಿವಾಸಿ ಕ್ರೈಸ್ತರು 1887ರಲ್ಲಿ ತಮ್ಮನ್ನು 'ಈಸ್ಟ್ ಇಂಡಿಯನ್' ಎಂದು ಕರೆದುಕೊಂಡರು. ಗೋವಾದಿಂದಲೂ ಮಂಗಳೂರಿನಿಂದಲೂ ಕೆಲಸಕ್ಕಾಗಿ ಬರುತ್ತಿದ್ದ ಇತರ ಕ್ರೈಸ್ತರಿಂದ ತಾವು ಬೇರೆ, ಈ ಮಣ್ಣಿನವರು ತಾವು ಎಂದು ಸರಕಾರಕ್ಕೆ ತಿಳಿಸುವುದು ಅವರ ಉದ್ದೇಶವಾಗಿತ್ತು. ಒಂದೇ ಧರ್ಮದವರ ನಡುವೆಯೂ 'ಊರವರು' ಮತ್ತು 'ಬಂದವರು' ಎಂಬ ಗೆರೆ ಎಷ್ಟು ಬೇಗ ಮೂಡುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸೇತುವೆ, ರೈಲು, ಪ್ಲೇಗು

ಮಾಹಿಮ್ ಮತ್ತು ಬಾಂದ್ರಾದ ನಡುವೆ ಕೆಸರಿನ ಕೊಲ್ಲಿಯಿತ್ತು. ದೋಣಿಯಲ್ಲಿ ದಾಟಬೇಕಿತ್ತು. ಮಳೆಗಾಲದಲ್ಲಿ ದೋಣಿ ಮಗುಚಿ ಜನ ಸಾಯುತ್ತಿದ್ದರು. ಇಲ್ಲಿ ರಸ್ತೆ ನಿರ್ಮಿಸಲು ಹಣ ಕೊಟ್ಟವರು ಪಾರ್ಸಿ ಮಹಿಳೆ ಲೇಡಿ ಅವಾಬಾಯಿ ಜಮ್ಶೇಟ್‌ಜಿ ಜೀಜೀಭಾಯ್. ಅವರು ಕೊಟ್ಟ ಮೊತ್ತ 1,57,000 ರೂಪಾಯಿ. ದಾಟುವವರಿಂದ ಸುಂಕ ವಸೂಲು ಮಾಡಬಾರದೆಂಬುದು ಅವರ ಷರತ್ತಾಗಿತ್ತು. 1845ರಲ್ಲಿ ಈ ರಸ್ತೆ ತೆರೆಯಿತು. 1867ರಲ್ಲಿ ವಿರಾರ್‌ನಿಂದ ಬೊಂಬಾಯಿಯ ಬ್ಯಾಕ್‌ಬೇವರೆಗೆ ಸ್ಥಳೀಯ ರೈಲು ಓಡತೊಡಗಿದಾಗ ಬಾಂದ್ರಾ ಅದರ ನಿಲ್ದಾಣಗಳಲ್ಲೊಂದಾಯಿತು. 1876ರಲ್ಲಿ ಬಾಂದ್ರಾಕ್ಕೆ ತನ್ನದೇ ಪುರಸಭೆ ಬಂತು.

ಬಾಂದ್ರಾದ ಶಾಂತಿಗೆ ಬೆಲೆ ಬಂದದ್ದು ಆಗ. ನಗರದ ಇಕ್ಕಟ್ಟಿನಿಂದ ದೂರ, ಆದರೆ ರೈಲಿನಲ್ಲಿ ಹತ್ತಿರ. ಪಾರ್ಸಿಗಳು, ಮುಸ್ಲಿಂ ವ್ಯಾಪಾರಿಗಳು, ಇಂಗ್ಲಿಷ್ ಅಧಿಕಾರಿಗಳು ಪಾಲಿ ಗುಡ್ಡದ ಮೇಲೂ ಸಮುದ್ರದ ಬದಿಯಲ್ಲೂ ಬಂಗಲೆಗಳನ್ನು ಕಟ್ಟಿಸಿಕೊಂಡರು. ಹಳ್ಳಿಯವರು ತಮ್ಮ ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡತೊಡಗಿದರು. ಗದ್ದೆಯ ಉತ್ಪನ್ನಕ್ಕಿಂತ ಬಾಡಿಗೆಯ ಉತ್ಪನ್ನ ಹೆಚ್ಚಾದ ದಿನ ಹಳ್ಳಿ ಬಡಾವಣೆಯಾಗುತ್ತದೆ.

1896ರಲ್ಲಿ ಬೊಂಬಾಯಿಯ ಮಾಂಡವಿ ಪ್ರದೇಶದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಲಕ್ಷಾಂತರ ಜನ ಊರು ಬಿಟ್ಟರು. ಬಾಂದ್ರಾದ ಹಳ್ಳಿಗಳಲ್ಲೂ ಸಾವು ಸಂಭವಿಸಿತು. ರೋಗ ನಿವಾರಣೆಗೆ ಹರಕೆಯಾಗಿ ನೆಟ್ಟ ಶಿಲುಬೆಗಳು ಅಲ್ಲಿಯ ರಸ್ತೆಯ ತಿರುವುಗಳಲ್ಲಿ ಇಂದಿಗೂ ನಿಂತಿವೆ. ಪ್ಲೇಗಿನ ಹೊಡೆತದಿಂದ ಎಚ್ಚೆತ್ತ ಸರಕಾರ 1898ರಲ್ಲಿ ಬೊಂಬಾಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಕೊಳೆಗೇರಿಗಳನ್ನು ಕೆಡವುವುದು, ಅಗಲವಾದ ರಸ್ತೆಗಳನ್ನು ಹಾಕಿ ನಿವೇಶನಗಳನ್ನು ಗುತ್ತಿಗೆಗೆ ಕೊಡುವುದು ಅದರ ಕೆಲಸ. ಕೆಡವಿದ್ದು ಬಡವರ ಮನೆಗಳನ್ನು, ಹೊಸ ನಿವೇಶನ ದಕ್ಕಿದ್ದು ಹೆಚ್ಚಾಗಿ ಅನುಕೂಲಸ್ಥರಿಗೆ. ಈ ಅನ್ಯಾಯದ ನಡುವೆ ಮಧ್ಯಮ ವರ್ಗದ ನೌಕರರು ಏನು ಮಾಡಬೇಕು? ಅದಕ್ಕೆ ಉತ್ತರ ಹುಡುಕಿದವರು ನಮ್ಮ ಕೆನರಾದವರು.

ಸಹಕಾರಿ ಮನೆಯ ಉಪಾಯ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆನರಾದ ಚಿತ್ರಾಪುರ ಸಾರಸ್ವತರು ಗುಮಾಸ್ತಗಿರಿ, ವಕೀಲಿಕೆಗಳಿಗಾಗಿ ಬೊಂಬಾಯಿ ಸೇರಿದ್ದರು. ಬಾಡಿಗೆ ಏರುತ್ತಿತ್ತು, ಮಾಲೀಕ ಹೇಳಿದ ದಿನ ಮನೆ ಬಿಡಬೇಕಿತ್ತು. ಅವರಲ್ಲೊಬ್ಬರಾದ ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆಯನ್ನು ಕಟ್ಟಿದ್ದರು. ಅದೇ ಮುಂದೆ ಬ್ಯಾಂಕಾಯಿತು. 1904ರ ಸಹಕಾರಿ ಕಾಯ್ದೆ ಸಾಲದ ಸಂಘಗಳಿಗೆ ಮಾತ್ರ ಅವಕಾಶ ನೀಡಿತ್ತು. 1912ರ ಕಾಯ್ದೆ ಇತರ ಉದ್ದೇಶಗಳಿಗೂ ಬಾಗಿಲು ತೆರೆಯಿತು. ಅದನ್ನು ಬಳಸಿಕೊಂಡು 1915ರಲ್ಲಿ ಚೌಪಾಟಿಯ ಕಡಲ ದಂಡೆಗೆ ಹತ್ತಿರದ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ದೇಶದ ಮೊದಲ ಸಹಕಾರಿ ಗೃಹನಿರ್ಮಾಣ ಸಂಘಗಳ ಸಾಲಿನಲ್ಲಿ ಅದರ ಹೆಸರೂ ಬರುತ್ತದೆ.

ಅದರ ಉಪಾಯ ಸರಳವಾದದ್ದು. ಕಟ್ಟಡ ಸಂಘದ್ದು. ಸದಸ್ಯರು ಸಂಘದಲ್ಲಿ ಷೇರು ಹೊಂದಿ ಅದರ ಬಾಡಿಗೆದಾರರಾಗಿ ವಾಸಿಸುತ್ತಾರೆ. ಅಂದರೆ ಮಾಲೀಕರೂ ಅವರೇ, ಬಾಡಿಗೆದಾರರೂ ಅವರೇ. ಮನೆ ಖಾಲಿ ಮಾಡಿಸುವ ಯಜಮಾನನೊಬ್ಬ ಮೇಲೆ ಇಲ್ಲ. ಸಣ್ಣ ಸಂಬಳದವನಿಗೂ ನಗರದಲ್ಲಿ ನಿಶ್ಚಿಂತೆಯ ಸೂರು ಸಾಧ್ಯವೆಂದು ಇದು ತೋರಿಸಿತು.

ಇದೇ ಉಪಾಯ ಬೇಗನೆ ಬಾಂದ್ರಾಕ್ಕೂ ಬಂತು. 1918ರಲ್ಲಿ ಸಾಲ್ಸೆಟ್ ಕ್ಯಾಥೊಲಿಕ್ ಸಹಕಾರಿ ಗೃಹನಿರ್ಮಾಣ ಸಂಘ ಸ್ಥಾಪನೆಯಾಯಿತು. ಗದ್ದೆಗಳನ್ನು ಕೊಂಡು, ರಸ್ತೆಗಳನ್ನು ಹಾಕಿ, ನಿವೇಶನಗಳನ್ನು ಸದಸ್ಯರಿಗೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟಿತು. ಬಾಂದ್ರಾದ ನೆರಳು ತುಂಬಿದ ಅಡ್ಡರಸ್ತೆಗಳು, ಕೈತೋಟದ ಕಿರುಬಂಗಲೆಗಳು, ಎರಡು ಮೂರು ಮಾಳಿಗೆಯ ಮನೆಗಳು ಬಹುಮಟ್ಟಿಗೆ ಈ ಕಾಲದ ಕೊಡುಗೆ. ಮಂಗಳೂರಿನಿಂದ ಹೋದ ಎಷ್ಟೋ ಕ್ರೈಸ್ತ ಕುಟುಂಬಗಳು ಇಲ್ಲಿ ನೆಲೆ ಕಂಡುಕೊಂಡವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಾರಸ್ವತರ ಸಂಘ ಸಾರಸ್ವತರಿಗೆ, ಕ್ಯಾಥೊಲಿಕರ ಸಂಘ ಕ್ಯಾಥೊಲಿಕರಿಗೆ, ಪಾರ್ಸಿಗಳ ಕಾಲೊನಿ ಪಾರ್ಸಿಗಳಿಗೆ. ಖೋಜಾ, ಬೋಹ್ರಾ, ಮೆಮನ್ ಜಮಾಅತ್‌ಗಳೂ ತಮ್ಮ ತಮ್ಮವರಿಗೆಂದು ಕಟ್ಟಡಗಳನ್ನು ಕಟ್ಟಿಸಿದವು. ಆಗಿನ ಸನ್ನಿವೇಶದಲ್ಲಿ ಇದು ಸಹಜವೇ. ಪರಸ್ಪರ ಗುರುತಿಲ್ಲದವರು ಹಣ ಕೂಡಿಸಿ ಕಟ್ಟಡ ಕಟ್ಟುವುದು ಕಷ್ಟ. ಬಾಕಿ ಇಟ್ಟವನಿಗೆ ಸಮುದಾಯದ ಭಯವಿರುತ್ತದೆ, ಕಷ್ಟಕ್ಕೆ ಬಿದ್ದವನಿಗೆ ಸಮುದಾಯದ ಆಸರೆಯಿರುತ್ತದೆ. ಆದರೆ ಆಸರೆಗೆಂದು ಕಟ್ಟಿದ ಗೋಡೆಯೇ ಮುಂದೊಂದು ದಿನ ಇತರರನ್ನು ಹೊರಗಿಡುವ ಗೋಡೆಯಾಗಬಹುದೆಂಬುದನ್ನು ಆಗ ಯಾರೂ ಅಷ್ಟಾಗಿ ಯೋಚಿಸಿರಲಿಲ್ಲ.

ಬಾಡಿಗೆ ಕಾಯ್ದೆ ಮತ್ತು ಪಗಡಿ

ಸಹಕಾರಿ ಸಂಘ ಸೇರಲಾಗದವರು ಬಾಡಿಗೆ ಮನೆಗಳಲ್ಲೇ ಉಳಿದರು. ಎರಡನೆಯ ಮಹಾಯುದ್ಧ, ಅದರ ಬೆನ್ನಿಗೆ ದೇಶ ವಿಭಜನೆ. ನಗರಕ್ಕೆ ಜನ ನುಗ್ಗಿ ಬಂದರು, ಮನೆಗಳು ಸಾಲಲಿಲ್ಲ. 1947ರ ಬೊಂಬಾಯಿ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟದ ಆಧಾರದಲ್ಲಿ ಕಟ್ಟಿಹಾಕಿತು. ಮಾಲೀಕ ತನಗೆ ಬೇಕೆಂದಾಗ ಬಾಡಿಗೆದಾರನನ್ನು ಎಬ್ಬಿಸುವಂತಿರಲಿಲ್ಲ. ಬಾಡಿಗೆದಾರ ಸತ್ತರೆ ಜತೆಯಲ್ಲಿದ್ದ ಕುಟುಂಬದವರಿಗೆ ಹಕ್ಕು ಮುಂದುವರಿಯುತ್ತಿತ್ತು.

ಬಡವನಿಗೆ ಇದೊಂದು ದೊಡ್ಡ ರಕ್ಷಣೆ. ಬೊಂಬಾಯಿಯಲ್ಲಿ ನಮ್ಮ ಹಿರಿಯರು ಬೇರೂರಲು ಸಾಧ್ಯವಾದದ್ದು ಇದರಿಂದಲೇ ಎಂದರೂ ತಪ್ಪಾಗದು. ಆದರೆ ಕಾಯ್ದೆ ವರ್ಷಗಟ್ಟಲೆ ಬದಲಾಗದೆ ಉಳಿದಾಗ ಅದರ ಇನ್ನೊಂದು ಮುಖವೂ ಗೋಚರಿಸಿತು. ಬರುವ ಬಾಡಿಗೆ ಸುಣ್ಣಬಣ್ಣಕ್ಕೂ ಸಾಲದೆ ಮಾಲೀಕರು ದುರಸ್ತಿ ನಿಲ್ಲಿಸಿದರು. ಕಟ್ಟಡಗಳು ಶಿಥಿಲವಾದವು. ಬಾಂದ್ರಾದ ಹಳೆಯ ಬಂಗಲೆಗಳು ಒಂದೊಂದಾಗಿ ಬಿಲ್ಡರುಗಳ ಪಾಲಾಗಲು ಇದೂ ಒಂದು ಕಾರಣ.

ಕಾಯ್ದೆಯ ಹಿಂಬಾಗಿಲಿನಿಂದ ಬಂದದ್ದು 'ಪಗಡಿ'. ಪಗಡಿ ಎಂದರೆ ಪೇಟ. ಹೊಸ ಬಾಡಿಗೆದಾರ ಮನೆಯ ಬೆಲೆಗೆ ಹತ್ತಿರದ ದೊಡ್ಡ ಮೊತ್ತವನ್ನು ರಸೀದಿ ಇಲ್ಲದೆ ಕೊಡುತ್ತಾನೆ. ಅನಂತರ ತಿಂಗಳಿಗೆ ಹೆಸರಿಗಷ್ಟೇ ಬಾಡಿಗೆ. ಅವನು ಬಿಟ್ಟುಹೋಗುವಾಗ ಮುಂದಿನವನಿಂದ ಪಗಡಿ ಪಡೆಯುತ್ತಾನೆ, ಅದರಲ್ಲಿ ಒಂದು ಪಾಲು, ಸಾಮಾನ್ಯವಾಗಿ ಮೂರನೆಯ ಒಂದು ಭಾಗ, ಮಾಲೀಕನಿಗೆ. ಕಾನೂನಿನ ಕಣ್ಣಲ್ಲಿ ಇದು ಅಪರಾಧ, ಊರಿನ ಕಣ್ಣಲ್ಲಿ ಇದೇ ರೂಢಿ. ಬಾಯಿಮಾತಿನ ಮೇಲೆ ನಡೆಯುವ ಈ ವ್ಯವಹಾರ ಗುರುತಿನವರಿಗೆ ಮಾತ್ರ ಸಾಧ್ಯ. ಹೀಗೆ ಪಗಡಿಯೂ ತನ್ನದೇ ರೀತಿಯಲ್ಲಿ ಮನೆಗಳನ್ನು 'ನಮ್ಮವರ' ನಡುವೆಯೇ ಸುತ್ತಿಸಿತು. ಕೊನೆಗೆ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಪಗಡಿಯನ್ನು ಸಕ್ರಮಗೊಳಿಸಿತು. ಆ ಕಾಯ್ದೆ 2000ದ ಮಾರ್ಚ್ 31ರಂದು ಜಾರಿಗೆ ಬಂತು. ಅದಕ್ಕೆ ಮೊದಲು, 1997ರ ಡಿಸೆಂಬರ್‌ನಲ್ಲಿ, 1940ರ ಬಾಡಿಗೆಯನ್ನೇ ಹಿಡಿದುಕೊಂಡಿರುವುದು ನ್ಯಾಯಸಮ್ಮತವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಈಗ ಮಾಲೀಕ ವರ್ಷಕ್ಕೆ ಶೇ. 4ರಷ್ಟು ಬಾಡಿಗೆ ಏರಿಸಬಹುದು.

ಹನ್ನೊಂದು ತಿಂಗಳ ಲೆಕ್ಕ

ಮುಂಬೈಯಲ್ಲಿ ಇಂದು ಮನೆ ಹುಡುಕುವವನಿಗೆ 'ಬಾಡಿಗೆ' ಎಂಬ ಮಾತು ಕಾಗದದಲ್ಲಿ ಸಿಗುವುದೇ ಅಪರೂಪ. ಅಲ್ಲಿರುವುದು 'ಲೀವ್ ಆಂಡ್ ಲೈಸೆನ್ಸ್'. ಅಂದರೆ ಮನೆಯ ಮೇಲೆ ಹಕ್ಕಿಲ್ಲ, ಒಳಗಿರಲು ಅನುಮತಿ ಮಾತ್ರ. ಬಾಡಿಗೆದಾರನಿಗೆ ಕಾಯ್ದೆ ಕೊಟ್ಟ ರಕ್ಷಣೆಯನ್ನು ತಪ್ಪಿಸಲು ಮಾಲೀಕರು ಕಂಡುಕೊಂಡ ದಾರಿಯಿದು. ಇದನ್ನು ತಡೆಯಲು ಸರಕಾರ ಒಂದು ತಿದ್ದುಪಡಿ ತಂದಿತು. 1973ರ ಫೆಬ್ರವರಿ 1ರಂದು ಹೀಗೆ ಅನುಮತಿಯ ಮೇಲೆ ವಾಸವಿದ್ದವರನ್ನೆಲ್ಲ ಬಾಡಿಗೆದಾರರೆಂದೇ ಪರಿಗಣಿಸಲಾಯಿತು. ಅದರಿಂದ ಸಾವಿರಾರು ಜನರಿಗೆ ನೆಲೆ ಸಿಕ್ಕಿತು ನಿಜ. ಆದರೆ ಹೆದರಿದ ಮಾಲೀಕರು ಆಮೇಲೆ ಮನೆಗೆ ಬೀಗ ಹಾಕಿಡುವುದೇ ಲೇಸೆಂದುಕೊಂಡರು. ಗುರುತಿಲ್ಲದವನಿಗೆ ಮನೆ ಕೊಡುವುದೆಂದರೆ ಮನೆ ಕಳೆದುಕೊಂಡಂತೆ ಎಂಬ ಭಯ ಆಗ ಹುಟ್ಟಿತು. ಇಂದಿನ ಅಪನಂಬಿಕೆಗೆ ಈ ಭಯದ ಪಾಲೂ ಇದೆ.

ಹನ್ನೊಂದೇ ತಿಂಗಳು ಏಕೆ ಎಂದು ಹಲವರು ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ತಾಪತ್ರಯ ತಪ್ಪಿಸಲು ಒಂದು ತಿಂಗಳು ಕಡಿಮೆ ಮಾಡಿದ ರೂಢಿ ದೇಶದಾದ್ಯಂತ ಹಬ್ಬಿತು. ಆದರೆ ಮಹಾರಾಷ್ಟ್ರದಲ್ಲಿ 1999ರ ಕಾಯ್ದೆಯ ಬಳಿಕ ಅವಧಿ ಎಷ್ಟೇ ಇದ್ದರೂ ಒಪ್ಪಂದ ಲಿಖಿತವಾಗಿರಬೇಕು, ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕನದ್ದು. ನೋಂದಣಿಯಾಗದಿದ್ದರೆ ವ್ಯಾಜ್ಯದಲ್ಲಿ ವಾಸಿಸುವವನು ಹೇಳುವ ಷರತ್ತನ್ನೇ ಕಾನೂನು ಮೊದಲಿಗೆ ನಂಬುತ್ತದೆ. ಅವಧಿ ಮುಗಿದರೂ ಬಿಡದಿದ್ದರೆ ಎರಡು ಪಟ್ಟು ದರದಲ್ಲಿ ಪರಿಹಾರ ಕೊಡಬೇಕಾಗುತ್ತದೆ. ಮಾಲೀಕನ ಹಳೆಯ ಭಯಕ್ಕೆ ಕಾನೂನು ಹೀಗೆ ಪರಿಹಾರ ಕೊಟ್ಟಿದೆ. ಗುರುತಿಲ್ಲದವನಿಗೆ ಮನೆ ಕೊಡಲು ಈಗ ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ಬೇರೆಡೆ.

ಕೊಳ್ಳುವುದೆಂದರೆ ಏನನ್ನು ಕೊಳ್ಳುವುದು?

ಬಾಂದ್ರಾ 1950ರಲ್ಲಿ ಬೃಹನ್ಮುಂಬೈಗೆ ಸೇರಿತು. ಅನಂತರದ ದಶಕಗಳಲ್ಲಿ ಬಂಗಲೆಗಳ ಜಾಗದಲ್ಲಿ ಫ್ಲ್ಯಾಟುಗಳು ಎದ್ದವು. ಬಿಲ್ಡರುಗಳ ಮೋಸವನ್ನು ತಡೆಯಲು 1963ರಲ್ಲಿ ಮಹಾರಾಷ್ಟ್ರ ಫ್ಲ್ಯಾಟ್ ಕಾಯ್ದೆ ಬಂತು. ಬಿಲ್ಡರ್ ಕಟ್ಟಡ ಮುಗಿಸಿ, ಕೊಂಡವರ ಸಹಕಾರಿ ಸೊಸೈಟಿ ರಚಿಸಿ, ನೆಲವನ್ನು ಅದರ ಹೆಸರಿಗೆ ಬರೆದುಕೊಡಬೇಕು. ಅಂದರೆ 1915ರಲ್ಲಿ ಗುಮಾಸ್ತರು ತಮ್ಮ ಆಸರೆಗೆಂದು ಕಂಡುಕೊಂಡ ರೂಪವೇ ಇಡೀ ನಗರದ ಸಾಮಾನ್ಯ ರೂಪವಾಯಿತು.

ಇದರ ಪರಿಣಾಮ ವಿಚಿತ್ರವಾದದ್ದು. ಬಾಂದ್ರಾದಲ್ಲಿ ಕೋಟಿಗಟ್ಟಲೆ ಕೊಟ್ಟು ಫ್ಲ್ಯಾಟ್ ಕೊಂಡವನ ಕೈಗೆ ಬರುವುದು ಒಂದು ನೋಂದಾಯಿತ ಒಪ್ಪಂದ ಮತ್ತು ಐವತ್ತು ರೂಪಾಯಿ ಮುಖಬೆಲೆಯ ಕೆಲವೇ ಷೇರುಗಳ ಪ್ರಮಾಣಪತ್ರ. ನೆಲ ಅವನದ್ದಲ್ಲ, ಸೊಸೈಟಿಯದ್ದು. ಎಷ್ಟೋ ಕಡೆ ಸೊಸೈಟಿಯದ್ದೂ ಅಲ್ಲ. ಬಿಲ್ಡರ್ ಅದನ್ನು ಬರೆದುಕೊಟ್ಟೇ ಇರುವುದಿಲ್ಲ. ಹೀಗೆ ಬಾಕಿ ಉಳಿದ ಸೊಸೈಟಿಗಳಿಗಾಗಿ 2008ರಲ್ಲಿ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಫ್ಲ್ಯಾಟ್ ಕೊಳ್ಳುವವರು ಮೊದಲು ನೋಡಬೇಕಾದ್ದು ಸಮುದ್ರದ ನೋಟವನ್ನಲ್ಲ, ಈ ಕಾಗದವನ್ನು.

ಸೊಸೈಟಿಯ ಸದಸ್ಯತ್ವ ಸಿಗದೆ ಫ್ಲ್ಯಾಟ್ ಪೂರ್ಣವಾಗಿ ನಮ್ಮದಾಗುವುದಿಲ್ಲ. ಮಾರುವಾಗ, ಬಾಡಿಗೆಗೆ ಕೊಡುವಾಗ ಸಮಿತಿಯ ಒಪ್ಪಿಗೆ ಪತ್ರ ತರಬೇಕೆಂಬ ಪದ್ಧತಿ ಬೆಳೆಯಿತು. ಹಣದ ವಿಷಯದಲ್ಲಿ ಸರಕಾರ ಮಧ್ಯೆ ಪ್ರವೇಶಿಸಿದೆ. 2001ರ ಆದೇಶಗಳು ವರ್ಗಾವಣೆ ಶುಲ್ಕಕ್ಕೆ 25,000 ರೂಪಾಯಿಯ ಮಿತಿ ಹಾಕಿದವು. ಮಾಲೀಕ ತಾನು ವಾಸವಿಲ್ಲದೆ ಬಾಡಿಗೆಗೆ ಕೊಟ್ಟರೆ ತೆರುವ ಹೆಚ್ಚುವರಿ ಶುಲ್ಕವನ್ನು ಸೇವಾ ವೆಚ್ಚದ ಶೇ. 10ಕ್ಕೆ ಇಳಿಸಿದವು. ಆದರೆ ಸಮಿತಿಯ ಮನಸ್ಸಿಗೆ ಮಿತಿ ಹಾಕುವ ಆದೇಶ ಯಾವುದಿದೆ? ಮಾಲೀಕ ಒಪ್ಪಿದರೂ 'ಸೊಸೈಟಿಯಲ್ಲಿ ಒಪ್ಪುವುದಿಲ್ಲ' ಎಂಬ ಒಂದೇ ಮಾತಿನಿಂದ ಮನೆ ಕೈತಪ್ಪುತ್ತದೆ. ಹಳೆಯ ಕಾಲದಲ್ಲಿ ಒಬ್ಬ ಯಜಮಾನನನ್ನು ಒಪ್ಪಿಸಬೇಕಿತ್ತು. ಈಗ ಕಟ್ಟಡದಲ್ಲಿರುವ ಎಲ್ಲರೂ ಯಜಮಾನರು.

ಬಾಗಿಲು ತೆರೆದಿದ್ದ ದಿನಗಳು

ಬಾಂದ್ರಾದ ಚರಿತ್ರೆಯಲ್ಲಿ ಬಾಗಿಲು ತೆರೆದೇ ಇದ್ದ ದಿನಗಳೂ ಇದ್ದವು. ಗುಜರಾತಿನ ಬಿಲಿಮೋರಾದ ಕಡೆಯಿಂದ ಬಂದ ಮೆಹಬೂಬ್ ಖಾನ್ 1954ರಲ್ಲಿ ಇಲ್ಲಿ ತಮ್ಮ ಸ್ಟುಡಿಯೊ ಕಟ್ಟಿದರು. ಪೇಶಾವರದ ದಿಲೀಪ್ ಕುಮಾರ್ ಪಾಲಿ ಗುಡ್ಡದಲ್ಲಿ ನೆಲೆಸಿದರು. ಪಂಜಾಬಿನ ಮುಹಮ್ಮದ್ ರಫಿಯವರ ಮನೆ ಇಲ್ಲಿತ್ತು. ಲಕ್ನೋದಿಂದ ಬಂದ ಸಂಗೀತ ನಿರ್ದೇಶಕ ನೌಷಾದ್ ಒಂದು ಕಾಲದಲ್ಲಿ ದಾದರ್‌ನ ಬ್ರಾಡ್‌ವೇ ಚಿತ್ರಮಂದಿರದ ಎದುರಿನ ಕಾಲುದಾರಿಯಲ್ಲಿ ಮಲಗಿದ್ದನ್ನು ತಾವೇ ಹೇಳಿಕೊಂಡಿದ್ದರು. ಅವರು ಮುಂದೆ ಮನೆ ಮಾಡಿದ್ದು ಬಾಂದ್ರಾದ ಕಡಲ ಬದಿಯ ಕಾರ್ಟರ್ ರಸ್ತೆಯಲ್ಲಿ. ಇಂದು ಆ ರಸ್ತೆಗೆ ಅಧಿಕೃತವಾಗಿ ಅವರದೇ ಹೆಸರಿದೆ. ಈದ್‌ಗೆ, ಕ್ರಿಸ್‌ಮಸ್‌ಗೆ, ಮೌಂಟ್ ಮೇರಿ ಜಾತ್ರೆಗೆ ಒಬ್ಬರ ಮನೆಯ ತಿಂಡಿ ಇನ್ನೊಬ್ಬರ ಮನೆಗೆ ಹೋಗುವುದು ಅಲ್ಲಿ ವಿಶೇಷವಾಗಿರಲಿಲ್ಲ.

1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳು ಮುಂಬೈಯ ವಾಸದ ನಕ್ಷೆಯನ್ನೇ ಬದಲಿಸಿದವು. ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗದ ವರದಿ ಸತ್ತವರ ಸಂಖ್ಯೆಯನ್ನು 900 ಎಂದು ದಾಖಲಿಸಿದೆ. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಆದರೆ ಯಾವ ವರದಿಯಲ್ಲೂ ಲೆಕ್ಕಕ್ಕೆ ಸಿಗದ ನಷ್ಟವೊಂದಿದೆ. ಮಿಶ್ರ ಕಟ್ಟಡಗಳಲ್ಲಿದ್ದವರು ಸಿಕ್ಕ ಬೆಲೆಗೆ ಮನೆ ಮಾರಿ 'ತಮ್ಮವರು' ಇರುವ ಕಡೆ ಹೊರಟರು. ಮುಂಬ್ರಾ, ಮೀರಾ ರೋಡ್‌ಗಳತ್ತ ಮುಸ್ಲಿಂ ಕುಟುಂಬಗಳ ವಲಸೆ ಹೆಚ್ಚಿತು. ಗಲಭೆ ಕೆಲವು ವಾರಗಳಲ್ಲಿ ಮುಗಿಯಿತು, ಆದರೆ ಈ ವಿಂಗಡಣೆ ನಿಲ್ಲಲಿಲ್ಲ. 2006ರ ಸಾಚಾರ್ ಸಮಿತಿ ವರದಿ, ಮುಸ್ಲಿಮರಿಗೆ ತಮಗೆ ಬೇಕಾದ ಪ್ರದೇಶದಲ್ಲಿ ಮನೆ ಕೊಳ್ಳುವುದೂ ಬಾಡಿಗೆಗೆ ಪಡೆಯುವುದೂ ಕಷ್ಟವಾಗುತ್ತಿರುವುದನ್ನು, ಭಯದಿಂದ ಅವರು ಒಂದೇ ಕಡೆ ಒತ್ತೊತ್ತಾಗಿ ನೆಲೆಸುತ್ತಿರುವುದನ್ನು ದಾಖಲಿಸಿತು. ನಗರಪಾಲಿಕೆಯ ನೀರು, ಒಳ್ಳೆಯ ಶಾಲೆ, ಬ್ಯಾಂಕಿನ ಸಾಲ ಎಲ್ಲವೂ ವಿಳಾಸವನ್ನು ನೋಡಿಯೇ ಬರುವ ಕಾಲದಲ್ಲಿ ಮನೆ ನಿರಾಕರಣೆ ಎಂದರೆ ಕೇವಲ ನಾಲ್ಕು ಗೋಡೆಗಳ ನಿರಾಕರಣೆಯಲ್ಲ.

ಎರಡು ತೀರ್ಪುಗಳು

ನೆರೆಯವನನ್ನು ಆರಿಸುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು.

ಮೊದಲನೆಯದು 1962ರದು. ಇಸ್ಲಾಮೀ ಕರ್ಮಶಾಸ್ತ್ರದಲ್ಲಿ 'ಶುಫ್‌ಅ' ಎಂಬ ಹಕ್ಕಿದೆ. ಆಸ್ತಿ ಮಾರುವಾಗ ಹೊರಗಿನವನಿಗಿಂತ ಮೊದಲು ಕೊಳ್ಳುವ ಹಕ್ಕು ಅದು. ಶಾಫಿಈ ಮದ್‌ಹಬ್‌ನಲ್ಲಿ ಈ ಹಕ್ಕು ಆಸ್ತಿಯ ಪಾಲುದಾರನಿಗೆ ಮಾತ್ರ, ಹನಫೀ ಮದ್‌ಹಬ್‌ನಲ್ಲಿ ಪಕ್ಕದ ಮನೆಯವನಿಗೂ ಇದೆ. ಮುಸ್ಲಿಂ ಆಳ್ವಿಕೆಯ ಕಾಲದಿಂದ ಉತ್ತರ ಭಾರತದ ಹಲವೆಡೆ ಹಿಂದೂಗಳೂ ಇದನ್ನು ರೂಢಿಯಾಗಿ ಸ್ವೀಕರಿಸಿದ್ದರು, ಕೆಲವು ಪ್ರಾಂತ್ಯಗಳಲ್ಲಿ ಅದು ಕಾಯ್ದೆಯೂ ಆಗಿತ್ತು. ಭಾವ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಾಲುದಾರನ ಹಕ್ಕನ್ನು ಉಳಿಸಿ, ಕೇವಲ ನೆರೆಯವನೆಂಬ ಕಾರಣದ ಹಕ್ಕನ್ನು ಅಸಿಂಧುಗೊಳಿಸಿತು. ಹೊರಗಿನವರು ಬಾರದಂತೆ ತಡೆದು ಜನರನ್ನು ಧರ್ಮ, ಜಾತಿಗಳ ಗುಂಪುಗಳಾಗಿ ಇರಿಸುವ ಉದ್ದೇಶ ಸಂವಿಧಾನದ ಆಶಯಕ್ಕೆ ಹೊಂದುವುದಿಲ್ಲ ಎಂಬುದು ಅದರ ವಾದದ ತಿರುಳು. 1964ರಲ್ಲಿ ಇದೇ ನಿಲುವನ್ನು ರೂಢಿಗೂ ಅನ್ವಯಿಸಲಾಯಿತು. ಮುಸ್ಲಿಂ ಕಾನೂನಿನಿಂದ ಬಂದ ಹಕ್ಕೊಂದು ಹೀಗೆ ಹೋಯಿತು. ಅದು ಹೋದದ್ದು ನ್ಯಾಯವೇ ಎಂದು ನಾವು ಭಾವಿಸುತ್ತೇವೆ.

ಎರಡನೆಯದು 2005ರ ಏಪ್ರಿಲ್‌ನದ್ದು. ಅಹ್ಮದಾಬಾದಿನ ಝೊರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಉಪನಿಯಮದಂತೆ ಪಾರ್ಸಿಗಳು ಮಾತ್ರ ಸದಸ್ಯರಾಗಬಹುದು. ಸದಸ್ಯರೊಬ್ಬರು ಬಂಗಲೆಯ ಜಾಗದಲ್ಲಿ ಫ್ಲ್ಯಾಟ್ ಕಟ್ಟಿಸಿ ಇತರರಿಗೂ ಮಾರಲು ಹೊರಟಾಗ ಸಂಘ ತಡೆಯಿತು. ಅರ್ಹರಿಗೆ ಸಕಾರಣವಿಲ್ಲದೆ ಸದಸ್ಯತ್ವ ನಿರಾಕರಿಸಬಾರದೆಂದು ಗುಜರಾತಿನ ಸಹಕಾರಿ ಕಾಯ್ದೆಯಲ್ಲಿತ್ತು. ಆದರೆ ಯಾರು ಅರ್ಹರೆಂದು ನಿರ್ಧರಿಸುವುದು ಉಪನಿಯಮವೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಂಘ ಕಟ್ಟುವುದು ನಾಗರಿಕರ ಮೂಲಭೂತ ಹಕ್ಕು, ಸಂಘ ಸರಕಾರವಲ್ಲ, ಬದಲಾವಣೆ ಬೇಕಿದ್ದರೆ ಶಾಸನಸಭೆ ಮಾಡಲಿ ಎಂಬುದು ಅದರ ನಿಲುವು.

ಸಣ್ಣ ಸಮುದಾಯವೊಂದು ತನ್ನ ಬದುಕಿನ ರೀತಿಯನ್ನು ಉಳಿಸಿಕೊಳ್ಳಬಯಸುವುದು ನಮಗೆ ಅರ್ಥವಾಗದ ಮಾತಲ್ಲ. ಅಲ್ಪಸಂಖ್ಯಾತರಾದ ನಮಗೆ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಒಂದು ಪಾರ್ಸಿ ಕಾಲೊನಿಗೆ ಸಿಕ್ಕ ರಕ್ಷಣೆಯನ್ನೇ ಬಲಾಢ್ಯರ ಸಾವಿರ ಸೊಸೈಟಿಗಳು ಕೈಗೆತ್ತಿಕೊಂಡರೆ ಏನಾಗುತ್ತದೆ? ದುರ್ಬಲನಿಗೆ ಬೇಲಿಯಾದದ್ದು ಬಲಶಾಲಿಯ ಕೈಯಲ್ಲಿ ಕೋಟೆಯಾಗುತ್ತದೆ. ಉಪನಿಯಮದಲ್ಲಿ ಬರೆದಿರಲೇಬೇಕೆಂದಿಲ್ಲ. 'ಸಸ್ಯಾಹಾರಿಗಳಿಗೆ ಮಾತ್ರ', 'ಕುಟುಂಬಸ್ಥರಿಗೆ ಮಾತ್ರ' ಎಂಬ ಮಾತುಗಳೇ ಸಾಕು. ಅವುಗಳಿಂದ ಮುಸ್ಲಿಮರಷ್ಟೇ ಅಲ್ಲ, ದಲಿತರು, ಒಂಟಿ ಮಹಿಳೆಯರು, ಈಶಾನ್ಯ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳು ಕೂಡ ಹೊರಗುಳಿಯುತ್ತಾರೆ.

ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳಲ್ಲಿ ಧರ್ಮ, ಜಾತಿಯ ಆಧಾರದಲ್ಲಿ ತಡೆಯಬಾರದೆಂದು ಹೇಳುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. ಅಮೆರಿಕ ಮತ್ತು ಬ್ರಿಟನ್ ಎರಡೂ 1968ರಲ್ಲೇ ಮನೆಯ ವಿಷಯದ ಜನಾಂಗ ತಾರತಮ್ಯದ ವಿರುದ್ಧ ಕಾಯ್ದೆ ತಂದವು. ನಮ್ಮಲ್ಲಿ ಸಾಚಾರ್ ವರದಿಯ ಬಳಿಕ ಸಮಾನ ಅವಕಾಶ ಆಯೋಗದ ಮಾತು ಬಂತು, 2008ರಲ್ಲಿ ಎನ್.ಆರ್. ಮಾಧವ ಮೆನನ್ ನೇತೃತ್ವದ ತಜ್ಞರ ಗುಂಪು ಕರಡನ್ನೂ ಕೊಟ್ಟಿತು. ಅದು ಕಾಯ್ದೆಯಾಗಲಿಲ್ಲ.

ನಮ್ಮ ಮುಂದಿರುವ ಕೆಲಸ

ಬಾಂದ್ರಾದ ಚರಿತ್ರೆ ಎರಡು ಪಾಠಗಳನ್ನು ಹೇಳುತ್ತದೆ. ಮೊದಲನೆಯದು, ಶಾಂತವಾದ ಒಳ್ಳೆಯ ನೆರೆಹೊರೆ ತಾನಾಗಿ ಹುಟ್ಟುವುದಿಲ್ಲ. ಪಾರ್ಸಿ ಮಹಿಳೆ ಕೊಟ್ಟ ರಸ್ತೆ, ಕೆನರಾದ ಗುಮಾಸ್ತರು ತೋರಿಸಿದ ಸಹಕಾರ, ಕ್ರೈಸ್ತರು ನೆಟ್ಟ ಮರಗಳು, ಮುಸ್ಲಿಂ ಕಲಾವಿದರು ತಂದ ಹೆಸರು ಎಲ್ಲವೂ ಸೇರಿ ಬಾಂದ್ರಾ ಆಯಿತು. ಇವರಲ್ಲಿ ಯಾರೊಬ್ಬರನ್ನು ಬಾಗಿಲಲ್ಲೇ ತಡೆದಿದ್ದರೂ ಇಂದಿನ ಬಾಂದ್ರಾ ಇರುತ್ತಿರಲಿಲ್ಲ. ಎರಡನೆಯದು, ಭದ್ರತೆ ಮತ್ತು ಬೇಲಿ ಒಂದೇ ಅಲ್ಲ. ಬಾಡಿಗೆದಾರನಿಗೆ ಭದ್ರತೆ ಬೇಕು, ಮಾಲೀಕನಿಗೆ ಭದ್ರತೆ ಬೇಕು. ಅದನ್ನು ಕಾನೂನು ಕೊಡಬಲ್ಲುದು, ಬಹುಮಟ್ಟಿಗೆ ಕೊಟ್ಟಿದೆ. ಅದಕ್ಕಾಗಿ ಹೆಸರು ಕೇಳಿ ಬಾಗಿಲು ಮುಚ್ಚಬೇಕಾಗಿಲ್ಲ.

ನಮ್ಮ ಮಂಗಳೂರು, ಉಡುಪಿಗಳಲ್ಲೂ ಈಗ ಅಪಾರ್ಟ್‌ಮೆಂಟುಗಳ ಕಾಲ. ಮುಂಬೈಯಲ್ಲಿ ನಡೆದದ್ದು ಇಲ್ಲಿ ನಡೆಯದಂತೆ ನೋಡಿಕೊಳ್ಳಲು ನಮಗೆ ಇನ್ನೂ ಸಮಯವಿದೆ. ವಿಧಾನಸಭೆಯಲ್ಲಿ ಕಾಯ್ದೆಗಾಗಿ ಒತ್ತಾಯಿಸಬೇಕು. ಬೇರೆಯವರ ಬಾಗಿಲಿನ ಬಗ್ಗೆ ದೂರುವ ನಾವು ನಮ್ಮ ಬಾಗಿಲನ್ನೂ ನೋಡಿಕೊಳ್ಳಬೇಕು. ನಮ್ಮ ಕಟ್ಟಡಗಳಲ್ಲಿ ಇತರ ಧರ್ಮದ ಕುಟುಂಬಕ್ಕೆ ಮನೆ ಸಿಗುತ್ತದೆಯೇ? ನಮ್ಮವರಲ್ಲೇ ಬಡವನಿಗೆ, ವಿಧವೆಗೆ, ಬೇರೆ ಊರಿನವನಿಗೆ ಸಿಗುತ್ತದೆಯೇ? ನೆರೆಯವನ ಹಕ್ಕನ್ನು ಪ್ರವಾದಿ ವರ್ಯರು (ಸ) ಎಷ್ಟು ಒತ್ತಿ ಹೇಳಿದ್ದಾರೆಂಬುದನ್ನು ನಾವು ವೇದಿಕೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಆ ಹಕ್ಕು ನೆರೆಯವನು ಬಂದ ಮೇಲೆ ಮಾತ್ರ ಆರಂಭವಾಗುವುದಲ್ಲ, ಅವನು ಮನೆ ಹುಡುಕಿಕೊಂಡು ಬಂದಾಗಲೇ ಆರಂಭವಾಗುತ್ತದೆ.